ಟೇಪು ನುಂಗಿದ ಹೆಸರು

ಗೆಳೆಯರೇ, ಮಸ್ಕಿಯ ಕಾಕಾ-ಚಿಗವ್ವ ಇವತ್ತು ತಮ್ಮ ಮದುವೆಯ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಏರಿಸಲು ತಂದಿದ್ದರು. ಅದರಲ್ಲಿ ಚಿಗವ್ವ ಒಡಪು ಹಾಕಿ, ಅಂದರೆ ಪ್ರಾಸದ ಸಾಲಿನ ಕೊನೆಗೆ ಸೇರಿಸಿ, ಗಂಡನ ಹೆಸರು ಹೇಳಿದ್ದಾಳೆ. ಗಂಡನ ಹೆಸರು ಹೇಳಬಾರದೆಂದು, ಆಮೇಲೆ ಇವತ್ತಿನವರೆಗೂ ಅದು ಅವಳ ಬಾಯಲ್ಲಿ ಬಂದೇ ಇಲ್ಲ. ಕ್ಯಾಸೆಟ್ ಹಾಕಿದೆ; ಒಡಪು ಮುಗಿದು ಇನ್ನೇನು ಹೆಸರು ಬರಬೇಕು, ಅಷ್ಟರಲ್ಲಿ ಟೇಪ್‌ರೆಕಾರ್ಡರ್ ರೀಲು ನುಂಗಿತು.

"ಬಂದ್ ಮಾಡಲೇ! ಇರೋದs ಅದೊಂದು!" ಎಂದು ಕಾಕಾ ಚೀರಿದರು.

ಬಿಡಿಸುವಾಗ ರೀಲು ಹರಿಯಿತು. ಅಂಟಿಸಿದರೆ ಹೆಸರಿನ ಜಾಗದಲ್ಲಿ ಬರೀ ಗರಗರ. ಕಾಕಾ ನನ್ನನ್ನು ನುಂಗುವಂತೆ ನೋಡಿದರು.

"ಚಿಗವ್ವಾ, ಈಗೊಮ್ಮೆ ಹೇಳು, ಸೇರಿಸ್ತೀನಿ," ಎಂದು ಮೈಕ್ ಹಿಡಿದೆ.

"ಅವ್ರು ಎದುರಿಗೇ ಕುಂತಾರ, ಹೆಂಗ ಹೇಳ್ಲಿ?"

ಕಾಕಾ ಸಿಟ್ಟಿನಿಂದ ಹೊರಗೆ ಹೋದರು. ಚಿಗವ್ವ ಬಾಯಿ ತೆರೆದಳು. ಬಾಗಿಲ ಹಿಂದಿನಿಂದ ಕೆಮ್ಮು ಕೇಳಿತು; ಅವಳು ಸೆರಗು ಬಾಯಿಗಿಟ್ಟುಕೊಂಡಳು.

ಫೈಲು ಸೇವ್ ಆಗಿದೆ. ಹೆಸರಿನ ಜಾಗದಲ್ಲಿ ಈಗ ಕಾಕಾನ ಕೆಮ್ಮು ಸ್ಪಷ್ಟವಾಗಿ ಕೇಳುತ್ತದೆ.