ಗುಬ್ಬಿಯ ಬಾಲ್ಯಸ್ನೇಹಿತ, ಅಮೃತೂರಿನ ಹೆಂಡತಿ

ತುಮಕೂರಿಗೆ ಬಂದ ಎರಡನೆಯ ದಿನವೇ ನಾನು ಗುಬ್ಬಿಯ ಒಬ್ಬ ಹಿರಿಯರ ಬಾಲ್ಯಸ್ನೇಹಿತನಾದೆ. ಗುಬ್ಬಿಯನ್ನು ಕಂಡವಳಲ್ಲ, ಆ ಹಿರಿಯರನ್ನೂ ಕಂಡವಳಲ್ಲ. ತಲೆ ನರೆತ ಹೆಂಗಸು ಬೇರೆ. ಆದರೂ ಆ ಮಧ್ಯಾಹ್ನ ಅವರ ಜೊತೆ ಕೆರೆಯಲ್ಲಿ ಈಜಿದೆ, ಮಾವಿನಕಾಯಿ ಕದ್ದೆ, ಅವರ ತಾಯಿಯ ಕೈತುತ್ತು ತಿಂದೆ, ‘ಇಂಥ ಗೆಳೆಯನನ್ನು ಪಡೆದ ನಾನೇ ಧನ್ಯ’ ಎಂದು ಲೇಖನ ಮುಗಿಸಿದೆ. ಆ ಲೇಖನಕ್ಕೆ ಹೆಸರು ಕೊಡಬೇಕಾದ ನಿಜವಾದ ಗೆಳೆಯರು ಸಂಜೆ ಬಂದು ಓದಿ, ಕನ್ನಡಕ ಒರೆಸಿಕೊಂಡು, “ಎಲ್ಲಾ ಕಣ್ಮುಂದೆ ಬಂದಂಗಾಯ್ತು ಕಣ್ರೀ,” ಎಂದರು. ಆಮೇಲೆ ಮೆಲ್ಲಗೆ, “ನಂಗೆ ಈಜು ಬರಲ್ಲ. ಇರ್ಲಿ ಬಿಡಿ, ಚೆನ್ನಾಗೈತೆ,” ಎಂದರು.

ಆಳಂದದ ನಮ್ಮ ಮಂದಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮ ಕಡೆ ಊರಿಗೆ ಬೇಕಾದವರೊಬ್ಬರಿಗೆ ವಯಸ್ಸಾದರೆ ಶಾಲು ಹೊದಿಸಿ, ತಲೆಗೆ ರುಮಾಲು ಸುತ್ತಿ, ಮೈಕಿನಲ್ಲಿ ನಾಲ್ಕು ಮಾತಾಡಿ, ಊಟ ಹಾಕಿ ಕಳಿಸುತ್ತೇವೆ. ಪುಸ್ತಕ ಮಾಡುವುದು ದೊಡ್ಡ ಸಾಹಿತಿಗಳಿಗೆ, ಸ್ವಾಮಿಗಳಿಗೆ. ನಾನು ಕೆಲಸಕ್ಕೆ ಸೇರಿದ ಶಿರಾ ಗೇಟಿನ ಪ್ರೆಸ್ಸಿಗೆ ಮಾತ್ರ ಹೋಬಳಿ ಹೋಬಳಿಯಿಂದ ಅಭಿನಂದನಾ ಗ್ರಂಥಗಳು ಬರುತ್ತವೆ. ಗೆಳೆಯ, ಶಿಷ್ಯ, ನೆರೆಮನೆಯವರು, ಹೆಂಡತಿ, ಎಲ್ಲರೂ ಒಂದೊಂದು ಲೇಖನ ಕೊಡಬೇಕು. ಯಾರಿಗೂ ಬರೆಯಲು ಪುರುಸೊತ್ತಿಲ್ಲ. ಹಾಗಾಗಿ ಎಲ್ಲರ ಪರವಾಗಿ ಪ್ರೆಸ್ಸಿನಲ್ಲಿ ಒಬ್ಬರು ಬರೆಯುತ್ತಾರೆ. ಆ ಒಬ್ಬರು ನಾನು. ಇನ್ನೊಂದು ಪದ್ಧತಿ ಕೇಳಿದರೆ ನೀವು ನಗುತ್ತೀರಿ: ಅಚ್ಚಿಗೆ ಹೋಗುವ ಮೊದಲು ಇಡೀ ಕರಡು ಸನ್ಮಾನಿತರ ಮನೆಗೇ ಹೋಗುತ್ತದೆ. ತಮ್ಮ ಹೊಗಳಿಕೆಯನ್ನು ತಾವೇ ಪೆನ್ನು ಹಿಡಿದು ಓದಿ, ಸಮಾರಂಭದ ದಿನ ಮೊದಲ ಸಲ ನೋಡಿದಂತೆ ನಾಚಿಕೊಳ್ಳುತ್ತಾರೆ.

ನಾನು ಇಷ್ಟು ದೂರ ಬಂದದ್ದು ಒಂದು ಹೆಸರಿಗಾಗಿ. ಕಲಬುರಗಿಯಲ್ಲಿ ನಾನಿದ್ದ ಸಂಜೆ ಪತ್ರಿಕೆ ಮುಚ್ಚಿತು. ಅಷ್ಟು ವರ್ಷ ಬೇರೆಯವರ ವರದಿ ತಿದ್ದಿದವಳು; ತಿದ್ದಿದವರ ಹೆಸರನ್ನು ಪತ್ರಿಕೆಯಲ್ಲಿ ಯಾರು ಹಾಕುತ್ತಾರೆ? ಬೆಂಗಳೂರಿನ ಪ್ರಕಾಶಕರೊಬ್ಬರ ಬಳಿ ಸಂಪಾದಕರ ಕೆಲಸ ಕೇಳಿಕೊಂಡು ಹೋದರೆ, “ನಿಮ್ಮ ಹೆಸರಿರೋ ಪುಸ್ತಕ ಒಂದಾದ್ರೂ ತನ್ನಿ, ಆಮೇಲೆ ನೋಡೋಣ,” ಎಂದರು. ಅದೇ ಹೊತ್ತಿಗೆ ಪರಿಚಯದವರ ಮೂಲಕ ಸಿಕ್ಕವರು ಈ ಪ್ರೆಸ್ಸಿನ ರುದ್ರಪ್ಪ. ಫೋನಿನಲ್ಲೇ ಮಾತು ಕೊಟ್ಟರು: “ಮೂರು ಪುಸ್ತಕ ಮಾಡ್ಕೊಡಿ ಮೇಡಂ. ಮೂರ್ನೇದ್ರಲ್ಲಿ ಸಂಪಾದಕರು ಅಂತ ನಿಮ್ಮ ಹೆಸರೇ ಹಾಕ್ತೀನಿ.” ನಾನು ಚೀಲ ಕಟ್ಟಿದೆ.

ಮನೆ ಸಿಗುವುದು ಕಷ್ಟವಾಯಿತು. ಮದುವೆಯಾಗದ ನಡುವಯಸ್ಸಿನ ಹೆಂಗಸು ಎಂದರೆ ಗೇಟು ಅರ್ಧ ಮಾತ್ರ ತೆರೆಯುತ್ತಿತ್ತು. ಕೊನೆಗೆ ಮಹಡಿಯ ಒಂದು ರೂಮು ಕೊಟ್ಟವರು ಹಾಸಿಗೆ ಅಂಗಡಿಯವರ ಮನೆಯ ಬಾನು ಆಪಾ. “ಒಬ್ರೇ ಇದ್ರೆ ಏನಾಯ್ತು? ನಮ್ಮನೆಯವ್ರು ಅಂಗ್ಡಿಗೆ ಹೋದ್ಮೇಲೆ ನಾನೂ ಒಬ್ಳೇ ಅಲ್ವಾ?” ಎಂದು ಕೀಲಿ ಕೈಗಿಟ್ಟರು. ಇಲ್ಲಿಯ ಕನ್ನಡ ನನ್ನನ್ನು ಹೊರಗಿನವಳೆಂದು ಗುರುತಿಸುತ್ತಿತ್ತು. ಕಿರಾಣಿ ಅಂಗಡಿಯಾತ ನನ್ನ ಮಾತು ಕೇಳಿ, “ಮಹಾರಾಷ್ಟ್ರನಾಮ್ಮ? ಪರ್ವಾಗಿಲ್ಲ, ಕನ್ನಡ ಚೆನ್ನಾಗ್ ಕಲ್ತಿದೀರ,” ಎಂದಿದ್ದ. ಆದರೆ ಆಪಾ ಅಡುಗೆಮನೆಯಿಂದ ಫೋನಿನಲ್ಲಿ ಸೊಸೆಯನ್ನು ಬೈಯುವ ಉರ್ದು ನಮ್ಮ ಓಣಿಯ ಉರ್ದುವಿಗೆ ಹತ್ತಿರ. ಕನ್ನಡದ ಊರಿನಲ್ಲಿ ಕನ್ನಡತಿಯೊಬ್ಬಳಿಗೆ ಮನೆಯ ನೆನಪು ತಂದದ್ದು ಆ ಬೈಗುಳ.

ಊಟದ್ದು ಇನ್ನೊಂದು ಕತೆ. ಜೋಳದ ರೊಟ್ಟಿಯನ್ನು ಅಗಿದು ಅಗಿದು ತಿಂದ ಹಲ್ಲುಗಳಿಗೆ ಮುದ್ದೆಯ ಮುಂದೆ ಕೆಲಸವೇ ಇಲ್ಲ. “ಅಗೀಬಾರ್ದು ಕಣಮ್ಮ, ನುಂಗು. ಗಂಟ್ಲಿಗೆ ಬಿಟ್ಬಿಡು, ಅದೇ ಹೋಗ್ತದೆ,” ಎಂದು ಆಪಾ ಹೇಳಿಕೊಟ್ಟರು. ಸೊಪ್ಪು ಕಾಳು ಬೇಯಿಸಿ ಬಸಿದ ನೀರಿನಲ್ಲಿ ಮಾಡುವ ಸಾರಿಗೆ ಇಲ್ಲಿ ಬಸ್ಸಾರು ಎನ್ನುತ್ತಾರೆ. ಅದು ನಾಲಿಗೆಗೆ ಹಿಡಿಸಿದ ದಿನ ನನಗೆ ಒಂದು ಪರೀಕ್ಷೆ ಪಾಸಾದಂತಾಯಿತು. ಆದರೂ ಊರಿಂದ ತಂದ, ಇಲ್ಲಿಯವರು ಚಟ್ನಿಪುಡಿ ಎನ್ನುವ ಶೇಂಗಾ ಹಿಂಡಿಯ ಡಬ್ಬಿ ಖಾಲಿಯಾದಾಗ, ತೊಳೆಯದೆ ಹಲವು ದಿನ ಹಾಗೇ ಇಟ್ಟಿದ್ದೆ. ಮುಚ್ಚಳ ತೆಗೆದರೆ ವಾಸನೆ ಬರುತ್ತಿತ್ತು.

ಕೆಲಸ ಕಲಿತೆ, ಸುಳ್ಳು ಹೇಳುವುದಿಲ್ಲ. ನಿವೃತ್ತ ಶಿಕ್ಷಕರ ವಾಕ್ಯ ಉದ್ದ, ವ್ಯಾಪಾರಿಯದು ಗಿಡ್ಡ. ರಾಜಕೀಯದವರು ಮೂರು ಸಾಲಿಗೊಮ್ಮೆ ‘ನಾನು’ ಎನ್ನದಿದ್ದರೆ ಅದು ಅವರ ಬರಹವೆಂದು ಅವರೇ ನಂಬುವುದಿಲ್ಲ. ಜನರನ್ನು ಕೂರಿಸಿ ಕೇಳಿದರೆ ಹೊಗಳಿಕೆಯೇ ಬರುತ್ತದೆ. ಅವರು ಏನಾದರೂ ಕೆಲಸ ಮಾಡುತ್ತಿರುವಾಗ ಪಕ್ಕದಲ್ಲಿ ಕೂತರೆ ನಿಜ ಬರುತ್ತದೆ. ಇದನ್ನು ನನಗೆ ಪತ್ರಿಕೆಯ ಡೆಸ್ಕ್ ಕಲಿಸಿರಲಿಲ್ಲ.

ಮೂರನೆಯ ಪುಸ್ತಕ ಅಮೃತೂರಿನ ಕಡೆಯ ಒಬ್ಬ ನಿವೃತ್ತ ಹೆಡ್‌ಮಾಸ್ಟರರದು. ಎಪ್ಪತ್ತೈದು ತುಂಬಿದ ಅವರನ್ನು ಎಲ್ಲರೂ ‘ಮೇಷ್ಟ್ರು’ ಎಂದೇ ಕರೆಯುತ್ತಾರೆ. ನನ್ನ ಹೆಸರು ಬರುವ ಪುಸ್ತಕವೆಂದು, ಹೆಂಡತಿಯ ಲೇಖನವನ್ನು ಪ್ರೆಸ್ಸಿನಲ್ಲೇ ಕೂತು ಹೊಸೆಯಲು ಮನಸ್ಸಾಗಲಿಲ್ಲ. ಕುಣಿಗಲ್ಲಿನಲ್ಲಿ ಇಳಿದು, ಪ್ರೈವೇಟ್ ಬಸ್ ಹಿಡಿದು ಹೋದೆ. ಮೇಷ್ಟ್ರು ಯಾವುದೋ ಸಭೆಗೆ ಹೋಗಿದ್ದರು. ಅವರ ಹೆಂಡತಿ ಜಯಮ್ಮ ಹಿತ್ತಲಿನಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ನಾನೂ ಸುಲಿಯಲು ಕೂತೆ.

“ಏನ್ ಬರ್ಕಂತೀಯವ್ವ ನನ್ನ? ನಂಗೆ ಓದಾಕೇ ಬರಾಕಿಲ್ಲ.”

“ಮೇಷ್ಟ್ರ ಹೆಂಡ್ತಿಗೆ ಓದಕ್ಕ ಬರಂಗಿಲ್ಲೇನ್ರಿ?” ಬಾಯಿ ತಪ್ಪಿ ಕೇಳಿಬಿಟ್ಟೆ.

ಜಯಮ್ಮ ನಕ್ಕರು. “ಹುತ್ರಿದುರ್ಗದಿಂದ ಮದ್ವೆ ಮಾಡಿ ಕಳ್ಸುವಾಗ ನಮ್ಮಪ್ಪನೂ ಅಂಗೇ ಅಂದಿದ್ರು. ಮೇಷ್ಟ್ರ ಮನೆಗೆ ಹೋಗ್ತಾವ್ಳೆ, ಅಕ್ಸರ ತಾನಾಗೇ ಬತ್ತದೆ ಅಂತ. ಈ ಜಗಲಿ ಮೇಲೆ ಊರ ಹೆಂಗುಸ್ರಿಗೆಲ್ಲಾ ರಾತ್ರಿ ಸ್ಕೂಲ್ ಮಾಡೋರು ಇವ್ರು. ಕೂಲಿ ಮಾಡೋರು, ಸೊಪ್ಪು ಮಾರೋರು, ಎಲ್ಲಾ ಸೈನ್ ಮಾಡೋದ್ ಕಲ್ತ್ರು. ನಾನು ಒಳಗೆ ಅವ್ರಿಗೆಲ್ಲಾ ಕಾಪಿ ಕಾಯಿಸ್ತಿದ್ದೆ.”

“ನೀವು ಕೇಳ್ಲಿಲ್ಲೇನ್ರಿ?”

“ಒಂದ್ಸಲ ಕೇಳ್ದೆ. ಮನೇಲಿ ಅಡಿಗೆ ಯಾರ್ ಮಾಡ್ತಾರೆ ಅಂದ್ರು.” ಮೊರದಲ್ಲಿ ಸುಲಿದ ಕಾಳಿನ ಮೇಲೆ ಕೈಯಾಡಿಸಿದರು. “ಕೆಟ್ಟೋರಲ್ಲ ಕಣವ್ವ. ಯಾರ ಮನೆಯಿಂದ್ಲೂ ಒಂದು ತೆಂಗಿನಕಾಯಿ ಇಸ್ಕಂಡೋರಲ್ಲ. ದೇವ್ರಂಥೋರು. ಆದ್ರೆ ದೇವ್ರು ಮನೇಲೇ ಇದ್ರೆ ದಿನಾ ಪೂಜೆ ಮಾಡೋರ್ ಕಷ್ಟ ನಿಂಗೆ ಗೊತ್ತಿಲ್ಲ, ಬುಡು.”

ಅದನ್ನೇ ಬರೆಯಲೇ ಎಂದು ಕೇಳಿದೆ. ಮೊರವನ್ನು ಪಕ್ಕಕ್ಕಿಟ್ಟು, “ಬರಿ. ಬಾಯಿಬಿಟ್ಟು ಹೇಳಾಕೆ ಇಷ್ಟ್ ವರ್ಸ ಆಗ್ಲಿಲ್ಲ. ಪುಸ್ತಕದಲ್ಲಾದ್ರೂ ಇರ್ಲಿ,” ಎಂದರು.

ಮುಂದಿನ ವಾರ ಬರೆದುಕೊಂಡು ಹೋಗಿ ಓದಿ ಹೇಳಿದೆ. ಎರಡು ಕಡೆ ನಿಲ್ಲಿಸಿದರು. “ಅತ್ತೆ ಅಂತ ಹಾಕಿದೀಯಲ್ಲ, ತಗಿ. ನಾನ್ ಅತ್ತಿಲ್ಲ.” ಇನ್ನೊಂದು ಕಡೆ, “ಕಾಪಿ ಚೆಂದಾಗಿರ್ತಿತ್ತು ಅಂತ ಹಾಕು. ಅದು ನಿಜ.” ಕೊನೆಯಲ್ಲಿ ಒಂದು ಸಾಲು ತಾವೇ ಸೇರಿಸಿದರು: “ಈಗ್ಲೂ ಹೇಳ್ಕೊಟ್ರೆ ಕಲೀತೀನಿ ಅಂತ ಬರಿ.” ಬಸ್ಸಿನಲ್ಲಿ ವಾಪಸು ಬರುವಾಗ, ಇಷ್ಟು ವರ್ಷದಲ್ಲಿ ನನ್ನ ಕೈಯಿಂದ ಹೊರಬಂದ ಒಳ್ಳೆಯ ಬರಹ ಇದೊಂದೇ ಅನ್ನಿಸಿತು. ಬೆಂಗಳೂರಿನ ಪ್ರಕಾಶಕರು ಮೊದಲು ತೆರೆಯುವುದು ಈ ಪುಟವನ್ನೇ ಆಗಿರಲಿ ಎಂದುಕೊಂಡೆ.

ಕರಡು ಪದ್ಧತಿಯಂತೆ ಮೇಷ್ಟ್ರ ಮನೆಗೆ ಹೋಗಿ ಬಂತು. ರುದ್ರಪ್ಪನವರು ನನ್ನ ಮುಖ ನೋಡದೆ ಹೇಳಿದರು: “ಮೇಷ್ಟ್ರು ಪೂರ್ತಿ ಓದಿದಾರೆ ಮೇಡಂ. ಎಲ್ಲೂ ಒಂದ್ ಗೆರೆ ಎಳೆದಿಲ್ಲ. ಯಜಮಾನತಿಯವ್ರ ನಾಲ್ಕು ಹಾಳೆ ಮಾತ್ರ ಅವ್ರ ಹತ್ರನೇ ಉಳ್ಕೊಂಡಿವೆ. ಆ ಜಾಗಕ್ಕೆ ನಾನೇ ಒಂದು ಬರ್ದು ಕೂರಿಸಿದೀನಿ.”

“ಹಂಗಾದ್ರ ನನ್ನ ಹೆಸರು ತಗೀರಿ.”

“ಹೆಸರಿರೋ ಮೊದ್ಲನೇ ಫಾರಂ, ಮೊದ್ಲಿನ ಪುಟಗಳೆಲ್ಲಾ, ಆಗ್ಲೇ ಪ್ರಿಂಟ್ ಆಗೋಯ್ತಲ್ಲ. ನೀವೇ ಕೇಳಿದ್ದಲ್ವಾ ಹೆಸರು? ಕೊಟ್ಟ ಮಾತಿಗೆ ತಪ್ಪಿದೀನಾ ನಾನು?”

ತಪ್ಪಿರಲಿಲ್ಲ. ಅಚ್ಚಿನ ವಾಸನೆ ಆರದ ಆ ಹಾಳೆಯಲ್ಲಿ ‘ಸಂಪಾದಕರು’ ಎಂಬುದರ ಕೆಳಗೆ ನನ್ನ ಹೆಸರಿತ್ತು. ನೋಡಿ ಒಂದು ಗಳಿಗೆ ಖುಷಿಯೂ ಆಯಿತು. ಆ ಖುಷಿಯ ಮೇಲೆ ನನಗಿನ್ನೂ ಸಿಟ್ಟಿದೆ.

ಸಮಾರಂಭ ಕುಣಿಗಲ್ಲಿನ ಕಲ್ಯಾಣ ಮಂಟಪದಲ್ಲಿ. ಮೇಷ್ಟ್ರು ಪುಸ್ತಕ ತೆರೆದು ಮೊದಲ ಸಲ ನೋಡಿದವರಂತೆ ತಲೆ ತಗ್ಗಿಸಿದರು. ಊಟದ ಹೊತ್ತಿಗೆ ಜಯಮ್ಮ ಪುಸ್ತಕವನ್ನು ಎದೆಗವಚಿಕೊಂಡು ನನ್ನನ್ನೇ ಹುಡುಕಿಕೊಂಡು ಬಂದರು. ಪಕ್ಕದ ಕುರ್ಚಿ ಎಳೆದು, “ನಂದು ಯಾವ ಪುಟದಲ್ಲೈತೆ? ಓದವ್ವ,” ಎಂದರು.

ಪುಸ್ತಕ ತೆರೆದೆ. ನಮ್ಮ ಲೇಖನ ನನಗೆ ಬಾಯಿಪಾಠವಿತ್ತು. ಆ ಪುಟ ನೋಡುತ್ತಾ ಅದನ್ನೇ ಹೇಳಿಬಿಟ್ಟಿದ್ದರೆ ಅವರಿಗೆ ಗೊತ್ತಾಗುತ್ತಿರಲಿಲ್ಲ. ಆದರೆ ಅದೂ ಒಂದು ಗುಬ್ಬಿಯ ಬಾಲ್ಯಸ್ನೇಹವೇ ಆಗುತ್ತಿತ್ತು. ಅಚ್ಚಾದದ್ದನ್ನೇ ಓದಿದೆ. ‘ನನ್ನ ಬಾಳಿಗೆ ಜ್ಞಾನದ ದೀವಿಗೆ ಹಿಡಿದ ನನ್ನ ಪತಿದೇವರು...’

ಜಯಮ್ಮ ನಡುವೆ ಎಲ್ಲೂ ನಿಲ್ಲಿಸಲಿಲ್ಲ. ಮುಗಿದ ಮೇಲೆ ಪುಸ್ತಕವನ್ನು ಮೆಲ್ಲಗೆ ಮುಚ್ಚಿದರು.

“ಚೆಂದಾಗೈತೆ. ಯಾರ ಹೆಂಡ್ರವ್ವ ಇವ್ಳು?”

ನಮ್ಮ ನಾಲ್ಕು ಹಾಳೆ ಮೇಷ್ಟ್ರಿಂದ ವಾಪಸು ಬರಲಿಲ್ಲ ಎಂದೆ.

“ನಂದ್ನ ಅವ್ರು ಓದುದ್ರಾ?”

“ಓದ್ಯಾರ್ರಿ ಅಮ್ಮ. ಪೂರ್ತಿ ಓದ್ಯಾರ.”

“ಓದ್ಬುಟ್ಟೂ...” ಎಂದರು. ಫೋಟೋಗೆ ಮೇಷ್ಟ್ರ ಪಕ್ಕ ನಿಲ್ಲಲು ಯಾರೋ ಕರೆದರು. ಸೆರಗು ಸರಿಮಾಡಿಕೊಂಡು ಹೋದರು.

ಮೊನ್ನೆ ಆಳಂದದಿಂದ ತಂಗಿ ಫೋನ್ ಮಾಡಿದ್ದಳು. “ಅಕ್ಕಾ, ನಿನ್ ಹೆಸರು ಪುಸ್ತಕದಾಗ ಬಂದದಂತಲ್ಲ! ಓಣಿಗೆಲ್ಲಾ ಹೇಳೀನಿ. ಬರೋವಾಗ ತಗೊಂಡು ಬಾ, ಎಲ್ಲಾರ್ಗೂ ಓದಿ ತೋರ್ಸಬೇಕು.” ಬರ್ತೀನಿ ಎಂದೆ. ರಜೆ ಕೇಳಿಲ್ಲ. ಬೆಂಗಳೂರಿಗೂ ಹೋಗಿಲ್ಲ. ಅಮೃತೂರಿನ ದಾರಿಯ ಕುಣಿಗಲ್ ಬಸ್ಸು ಬೆಳಿಗ್ಗೆ ಕಣ್ಣೆದುರೇ ಹೊರಡುತ್ತದೆ, ಅದನ್ನೂ ಹತ್ತಿಲ್ಲ. ರುದ್ರಪ್ಪನವರು ಈಗ ನನ್ನನ್ನು ‘ಸಂಪಾದಕರು ಮೇಡಂ’ ಎಂದು ಕರೆಯುತ್ತಾರೆ; ನಾಲ್ಕನೆಯ ಪುಸ್ತಕದ ಕೆಲಸ ಮೇಜಿನ ಮೇಲಿದೆ. ಮಧ್ಯಾಹ್ನ ಮುದ್ದೆಯನ್ನು ಅಗಿಯದೆ ನುಂಗುತ್ತೇನೆ. ಊರು ಬಿಟ್ಟು ಬಂದಾಗ ದೂರದಲ್ಲಿದ್ದದ್ದು ಒಂದೇ ಊರು. ಈ ಪುಸ್ತಕ ಕೈಗೆ ಬಂದ ಮೇಲೆ, ಆಳಂದದ ಜೊತೆಗೆ ಅಮೃತೂರೂ ಸೇರಿ, ನಾನು ಹೋಗಲಾರದ ಊರುಗಳು ಎರಡಾದವು.