ಗಾಲಿಯ ಮುಂದಿನ ನಿಂಬೆಹಣ್ಣು

ಉಡಚವ್ವ, ಗಂಗಪ್ಪ ಎಂಬ ಗಂಡಹೆಂಡಿರ ಸುದ್ದಿ ನಾನು ಮೊದಲು ಕೇಳಿದ್ದು ಕೆಲಗೇರಿ ಕೆರೆಯ ದಂಡೆಯಲ್ಲಿ, ಬಟ್ಟೆ ಒಗೆಯುವಾಗ. ನನ್ನ ಯಜಮಾನರು ತೀರಿಕೊಂಡ ವರ್ಷ ಅದು. "ಹತ್ತಿ ಹೇರೋ ಗಂಗಪ್ಪ ಲಾರ್ಯಾಗ ಹಾಸಿಗಿ, ಒಲಿ ಇಟ್ಕೊಂಡು ಹೆಂಡ್ತಿಗೆ ಕಾಡು ತೋರಸಾಕ ಹೊಂಟಾನಂತ!" ಎಂದು ಹೆಂಗಸರು ನಗುತ್ತಿದ್ದರು.

ಆಮೇಲೆ ಅವರು ನಮ್ಮ ಪಕ್ಕದ ಮನೆಗೇ ಬಂದರು. ಪ್ರತಿ ಬೇಸಿಗೆ ದಾಂಡೇಲಿ, ಬಂಡೀಪುರ ಎಂದು ಹೊರಡುವರು. "ಹುಲಿ ಕಂಡ್ತೇನವಾ?" ಎಂದರೆ ಉಡಚವ್ವ, "ದಿನಾ ಕಾಣ್ತೈತ್ರಿ, ಲಾರಿ ಹೊಡಿತೈತಿ" ಎನ್ನುವಳು.

ಬರಬರುತ್ತ ಅವಳ ಕಣ್ಣು ಮಂಜಾದವು. ನಾನೇ ಹುಬ್ಬಳ್ಳಿಗೆ ಕರೆದೊಯ್ದೆ. ಇನ್ನು ದೃಷ್ಟಿ ಬರುವುದಿಲ್ಲ ಎಂದರು ಡಾಕ್ಟರು. ಅದನ್ನು ಅವಳು ಗಂಡನಿಗೆ ಹೇಳಲಿಲ್ಲ. "ವರ್ಷಾನಗಟ್ಲೆ ಹತ್ತಿ ಹೇರೂದು ಈ ಕಾಡು ತೋರಸೂದೊಂದಕ್ಕರಿ. ಗೊತ್ತಾದ್ರ ಅವರು ಎಲ್ಲಿಗೂ ಹೋಗೂದಿಲ್ಲ. 'ಅಲ್ನೋಡ, ಜಿಂಕಿ' ಅಂತ ಯಾರಿಗೆ ಅಂದಾರು?"

ಮುಂದೊಂದು ಬೇಸಿಗೆಯ ಪ್ರಯಾಣದಲ್ಲಿ ಜ್ವರ ಬಂದು ಅವಳು ದಾರಿಯಲ್ಲೇ ತೀರಿಕೊಂಡಳು. ಆ ಸಲವೂ ಹೊರಡುವ ಮುಂಚೆ ಲಾರಿಗೆ ಪೂಜೆಯಾಯಿತು. ಗಾಲಿಯ ಕೆಳಗೆ ನಿಂಬೆಹಣ್ಣು ಒಡೆದ ಮೇಲೆಯೇ ಪ್ರಯಾಣ; ಇಡುವವಳು ಯಾವಾಗಲೂ ಉಡಚವ್ವನೇ. ಅವಳು ತಡವಿ ಇಟ್ಟಳು. ಹಣ್ಣು ಗಾಲಿಯಿಂದ ಗೇಣು ಆಚೆ ಉಳಿಯಿತು.

"ಇಟ್ಟಿಯೇನ?" ಎಂದು ಗಂಗಪ್ಪ ಡ್ರೈವರ್ ಸೀಟಿನಿಂದ ಕೂಗಿದ.

"ಇಟ್ಟೇನ್ರಿ."

ನಾನು ದೂರವೇ ನಿಂತಿದ್ದೆ. ಗಂಡನಿಲ್ಲದವರು ಅಂಥದ್ದನ್ನು ಮುಟ್ಟಬಾರದೆಂಬ ರೀತಿ ನಮ್ಮಲ್ಲಿ.

ಅವಳು ಸರಿದು ಬಂದು ನನ್ನ ಕೈ ಹಿಡಿದಳು. "ಅಕ್ಕಾರ, ಹಣ್ಣು ಗಾಲಿ ಕೆಳಗ ಐತಿಲ್ರಿ? ಇಲ್ಲಾಂದ್ರ ನೀವ ಸರಿಸಿಡ್ರಿ. ಮುಟ್ಟಬಾರದು ಅನ್ನಬ್ಯಾಡ್ರಿ. ಹಣ್ಣು ಒಡೀಲಿಲ್ಲಾಂತ ಅವರು ಇಳದು ನೋಡಿದ್ರ ಎಲ್ಲಾ ಗೊತ್ತಾಕ್ಕೈತಿ."