ಮಾವನ ಎದೆಯ ಗೋಡೆ

ಕಾಲೇಜಿನಲ್ಲಿ ಅಯಸ್ಕಾಂತದ ಪಾಠ ಮಾಡುವವನಿಗೆ ಅಯಸ್ಕಾಂತದ ಭಯ ಇರಬಾರದು. ನನಗಿತ್ತು. ಎಂಬತ್ತರ ದಶಕ ಮುಗಿಯುತ್ತ ಬಂದಾಗ, ಇಳಕಲ್ಲಿನಲ್ಲಿ ಸೀರೆ ಅಂಗಡಿ ಇಟ್ಟಿದ್ದ ನನ್ನ ಸೋದರಮಾವ ಗುರುಬಸಪ್ಪನ ಇಸಿಜಿ ನೋಡಿ ಬಾಗಲಕೋಟೆಯ ಡಾಕ್ಟರು, "ಹೃದಯದ ಗ್ವಾಡಿಗೆ ಪೆಟ್ಟು ಬಿದ್ದಂಗೈತ್ರಿ. ಮುಂಬೈಗೆ ಎಂಆರ್‌ಐ ಅಂತ ಹೊಸಾ ಮಷಿನ್ ಬಂದೈತಿ, ತೋರಿಸ್ಕೊಂಡು ಬರ್ರಿ" ಎಂದರು.

"ಗ್ವಾಡಿ ಕೆಟ್ಟರ ಸುಣ್ಣಾ ಹಚ್ಚಿದ್ರಾತು, ಅದಕ್ಯಾಕ ಮುಂಬೈ?" ಎಂದ ಮಾವ. ಶಾಂತತ್ತೆ ಗಂಡನ ಮಾತಿಗೆ ಕಾಯದೆ ರೊಟ್ಟಿ ಕಟ್ಟಿ, ನಮ್ಮಿಬ್ಬರ ಜೊತೆ ತಾನೂ ಹೊರಟಳು.

ರೈಲಿನಲ್ಲಿ ಧೈರ್ಯ ತುಂಬಲೆಂದು ನಾನು, ಆ ಯಂತ್ರವೆಂದರೆ ಮನುಷ್ಯ ಒಳಗೆ ಮಲಗುವಷ್ಟು ದೊಡ್ಡ ಅಯಸ್ಕಾಂತ ಎಂದು ಅದರ ವಿಜ್ಞಾನ ವಿವರಿಸಿದೆ. ಕೇಳಿದಷ್ಟೂ ಮಾವನ ಮುಖ ಬಾಡಿತು. "ಲೇ ತಮ್ಮಾ, ನಾ ಕುಡಿಯೋ ಟಾನಿಕ್ಕಿನ್ಯಾಗ ಕಬ್ಬಿಣ ಐತೆಲ್ಲೋ, ಅದನ್ನೂ ಎಳೀತೇನು?" ಅಲ್ಲಿಂದ ಅಯಸ್ಕಾಂತದ ಭಯ ನನಗೂ ಹತ್ತಿತು.

ಆಸ್ಪತ್ರೆಯಲ್ಲಿ ಮೈಮೇಲಿನ ಲೋಹವನ್ನೆಲ್ಲ ಬಿಚ್ಚಿಡಲು ಹೇಳಿದರು. ಗಡಿಯಾರ, ಉಂಗುರ, ಉಡಿದಾರ ಬಂದವು. ಕೊರಳಿನಲ್ಲಿ ಇಷ್ಟಲಿಂಗವಿದ್ದ ಬೆಳ್ಳಿಯ ಕರಡಿಗೆಗೆ ಮಾವ ಕೈ ಅಡ್ಡ ಹಿಡಿದ. "ಲಿಂಗ ಮೈ ಬಿಟ್ಟರ ನಾನೂ ಬಿಟ್ಟಂಗ. ನಡೀರಿ ಊರಿಗೆ." ಅವನು ತಮಾಷೆ ಮಾಡುತ್ತಿರಲಿಲ್ಲ.

ಅತ್ತೆ ಮಡಿ ಬಟ್ಟೆಯೊಂದನ್ನು ತೆಗೆದಳು. ಕಲ್ಲಿನ ಲಿಂಗವನ್ನು ಅದರಲ್ಲಿ ಸುತ್ತಿ ಗಂಡನ ಕೊರಳಿಗೆ ಕಟ್ಟಿ, ಕರಡಿಗೆಯನ್ನಷ್ಟೇ ನನ್ನ ಕೈಗಿಟ್ಟಳು. "ಬೆಳ್ಳಿಗೆ ಏನ ಭಕ್ತಿ? ಹೋಗ್ರಿ." ಅಲ್ಲಿಯ ಡಾಕ್ಟರು ಗಂಟನ್ನು ಮುಟ್ಟಿ ನೋಡಿ ಒಪ್ಪಿದರು.

ಚಿತ್ರದಲ್ಲಿ ಹೃದಯದ ಗೋಡೆ ಒಂದು ಕಡೆ ತೆಳುವಾಗಿ, ಮಿಸುಕದೆ ಇತ್ತು. ಹಿಂದೆಂದೋ ಹೃದಯಾಘಾತವಾಗಿ ತಾನೇ ಮಾಯ್ದ ಕಲೆ. ಉಳಿದದ್ದೆಲ್ಲ ಗಟ್ಟಿಯಾಗಿದೆ, ಆಪರೇಷನ್ ಬೇಡ, ಗುಳಿಗೆ ಸಾಕು ಎಂದರು. ಎದೆನೋವು ಯಾವಾಗ ಬಂದಿತ್ತೆಂದು ಕೇಳಿದಾಗ ಮಾವ ಬೆರಳು ಮಡಿಚಿ ವರ್ಷ ಎಣಿಸಿದ.

"ಬದಾಮಿಗೆ ಲಗ್ನಕ್ಕ ಹೋದಾಗ ಒಮ್ಮೆ ಭಾಳ ಉರಿದಿತ್ತು. ಮಿರ್ಚಿ ಭಜಿ ಮಾಡಿದ ಕೆಲಸಾ ಅಂತ ಸೋಡಾ ಕುಡದು ಮಲಕೊಂಡಿದ್ದೆ."

ಒಂದು ಹೃದಯಾಘಾತದ ಆರೋಪವನ್ನು ಇಷ್ಟು ವರ್ಷ ಹೊತ್ತ ಆ ಭಜಿಯ ಬಗ್ಗೆ ನನಗೆ ಕನಿಕರವಾಯಿತು. ಅತ್ತೆ ನಗಲಿಲ್ಲ.

"ನನಗ್ಯಾಕ ಹೇಳಲಿಲ್ಲರಿ?"

"ನೀ ಹೆದರತಿದ್ದಿ."

"ಹೆದರೂದು ನನ್ನ ಪಾಲಿಂದು. ಅದನ್ನೂ ನೀವ ಇಟ್ಕೊಂಡ್ರ ಹೆಂಗ?"

ಅಂದಿನಿಂದ ಮಾವ ಏನನ್ನೂ ಮುಚ್ಚಿಡಲಿಲ್ಲ. ಬಿಕ್ಕಳಿಕೆ ಬಂದರೂ ಅಂಗಡಿಯಿಂದ ಮನೆಗೆ ಆಳು ಕಳಿಸಿ ತಿಳಿಸುವನು. ತಿಂಗಳೊಳಗೆ ಅತ್ತೆ ನನ್ನ ಹತ್ತಿರ ಗೋಳಾಡಿದಳು: "ಮದಲಿನ ಮೂಕ ಗಂಡನೇ ಬೇಷಿದ್ದ ನೋಡೋ!" ಹೇಳುತ್ತಲೇ ಆಳಿನ ಕೈಗೆ ಜೀರಿಗೆ ಕಷಾಯದ ತಂಬಿಗೆ ಕೊಟ್ಟು, ಬಿಸಿ ಇರುವಾಗಲೇ ಮುಟ್ಟಿಸಬೇಕೆಂದು ಎರಡು ಸಲ ಹೇಳಿ ಕಳಿಸಿದಳು.